ಎಂಟ್ರಿ ಫೀ ಯಾರು ಕಟ್ಟಬೇಕು?

ಆಟಕ್ಕೆ ಜಾತಿ ಇಲ್ಲ ಎನ್ನುವವರು ಒಮ್ಮೆ ಟೂರ್ನಿಮೆಂಟಿನ ರಸೀದಿ ಪುಸ್ತಕ ತೆರೆದು ನೋಡಬೇಕು. ಅದರಲ್ಲಿ ಜಾತಿಯ ಕಾಲಂ ಇರುವುದಿಲ್ಲ, ನಿಜ. ರೂಪಾಯಿಯ ಕಾಲಂ ಇರುತ್ತದೆ. ಈ ದೇಶದಲ್ಲಿ ಎರಡನೆಯದನ್ನು ಓದಿದರೆ ಮೊದಲನೆಯದನ್ನು ಬರೆಯುವ ಅಗತ್ಯವೇ ಬೀಳುವುದಿಲ್ಲ.

ನಮ್ಮ ಕಾಕತಿಯಿಂದ ಬೆಳಗಾವಿಯ ಕಾಂಪಿಗೆ ಹತ್ತು ಕಿಲೋಮೀಟರಿನ ಆಜೂಬಾಜು. ಆದರೆ ಕಾಂಪಿನ ಫುಟ್‌ಬಾಲು ನಮ್ಮ ಕೇರಿಗೆ ಬಂದು ಮುಟ್ಟಲು ನೂರು ವರ್ಷದ ಮೇಲೆ ಹಿಡಿಯಿತು. ಗೋರಾ ಸೋಲ್ಜರರ ಆಟ ಅದು. ಅವರಿಂದ ಇಂಗ್ಲಿಷ್ ಶಾಲೆಗಳ ಅಂಗಳಕ್ಕೆ ಇಳಿಯಿತು. 1856ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಶಾಲೆಯ ಹಳೇ ವಿದ್ಯಾರ್ಥಿಗಳು ಫಾದರ್ ಎಡ್ಡಿ ಹೆಸರಿನಲ್ಲಿ ನಡೆಸಿಕೊಂಡು ಬಂದ ಅಂತರಶಾಲಾ ಪಂದ್ಯಾವಳಿಯ ಮಾತನ್ನು ಬೆಳಗಾವಿಯ ಹುಡುಗರು ಹಬ್ಬದ ಮಾತಿನ ಹಾಗೆ ಆಡುತ್ತಾರೆ. ನಮಗೆ ಇದ್ದದ್ದು ಕಬಡ್ಡಿ, ಖೋಖೋ, ಮತ್ತೆ ಟೆನ್ನಿಸ್ ಬಾಲಿನ ಕ್ರಿಕೆಟ್ಟು. ಎದೆ ಮೇಲೆ ಯಾವನೋ ಪುಢಾರಿಯ ಫೋಟೋ ಛಾಪಿಸಿದ ಅಂಗಿ ಹಾಕಿಕೊಂಡು ಆಡುವ ಕ್ರಿಕೆಟ್ಟು. ಕುಸ್ತಿ ಇತ್ತು, ಆದರೆ ಕುಸ್ತಿಗೆ ಹಾಲು ಬೇಕು, ಬದಾಮಿ ಬೇಕು, ತಾಲೀಮಿನ ಒಳಗೆ ಕಾಲಿಡುವ ಧೈರ್ಯ ಬೇಕು. ಫುಟ್‌ಬಾಲು ಬಂದದ್ದು ಮೊಬೈಲಿನೊಳಗಿಂದ. 2022ರ ಡಿಸೆಂಬರಿನಲ್ಲಿ ಕತಾರಿನಲ್ಲಿ ಮೆಸ್ಸಿ ಕಪ್ ಎತ್ತಿದ ಮರುದಿನದಿಂದ ನಮ್ಮ ಕೇರಿಯ ಅರ್ಧ ಹುಡುಗರು ನೀಲಿ-ಬಿಳಿ ಪಟ್ಟೆಯ ಅಂಗಿಯಲ್ಲಿ ಓಡಾಡತೊಡಗಿದರು. ಸಂತೆಯಲ್ಲಿ ನೂರೈವತ್ತಕ್ಕೆ ಒಂದು.

ಅವರಲ್ಲಿ ನನ್ನ ತಮ್ಮನೂ ಒಬ್ಬ. ಅವನಿಗೆ ಈಗ ಹದಿಮೂರು. ಬೆಳಗಾವಿಯ ಒಂದು ಖಾಸಗಿ ತರಬೇತಿ ತಂಡಕ್ಕೆ ಸೇರಿ ವರ್ಷ ಆಯಿತು. ಹದಿನಾಲ್ಕರ ಒಳಗಿನವರ ತಂಡ. ಅವ್ವ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಅವನ ಖರ್ಚು ಬರೆಸಿ ಇಟ್ಟಿದ್ದಾಳೆ. ಆಕೆಗೆ ಅಕ್ಷರ ಬರುವುದಿಲ್ಲ, ತಂಗಿ ಬರೆಯುತ್ತಾಳೆ. ಮನೆಯಲ್ಲಿ ಡಿಗ್ರಿ ಮುಗಿಸಿದವ ನಾನೊಬ್ಬನೇ ಆದ್ದರಿಂದ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೂಡಿಸಿದೆ. ತಿಂಗಳಿಗೆ 700ರಂತೆ ವರ್ಷದ ತರಬೇತಿ ಫೀ 8,400. ಬೂಟು 1,200, ಶಿನ್ ಗಾರ್ಡ್ 200, ಉದ್ದ ಸಾಕ್ಸು 150, ಹೆಸರು-ನಂಬರು ಹಾಕಿಸಿದ ಜರ್ಸಿ 450, ಅಲ್ಲಿಗೆ 2,000. ಬೆಳಗಾವಿಯಲ್ಲೇ ನಡೆದ ಎರಡು ಟೂರ್ನಿಮೆಂಟಿಗೆ ತಲಾ 250ರಂತೆ ಪಾಲಿನ ಎಂಟ್ರಿ ಫೀ 500. ಬಸ್ಸು, ಬಾಳೆಹಣ್ಣು, ಗ್ಲೂಕೋಸು, ಒಮ್ಮೆ ಮೊಳಕಾಲಿಗೆ ಹಾಕಿಸಿದ ಪಟ್ಟಿ ಎಲ್ಲಾ ಸೇರಿ 1,600. ಗೋವಾದ ಟೂರ್ನಿಮೆಂಟಿಗೆ ಹೋಗಿ ಬರುವ ಖರ್ಚಿನ ಪಾಲು 3,500. ಒಟ್ಟು 16,000 ರೂಪಾಯಿ.

ಅವ್ವನ ಕೂಲಿ ದಿನಕ್ಕೆ 300. ಕಬ್ಬಿನ ಹೊಲದಲ್ಲಿ ಕಳೆ ತೆಗೆದರೆ, ರವದಿ ಆಯ್ದರೆ ಸಿಗುವುದು ಅಷ್ಟು. ಅಂದರೆ ತಮ್ಮನ ಆಟಕ್ಕೆ ಆಕೆಯ ಐವತ್ತಮೂರು ದಿನ ಬಿಸಿಲು. ಅಪ್ಪ ಹೊನಗಾದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ, ಅವನ ದುಡ್ಡು ಅಕ್ಕಿ, ಎಣ್ಣೆ, ಔಷಧ, ಮನೆಯ ಸಾಲದ ಕಡೆ ಹರಿದು ಹೋಗುತ್ತದೆ. ಚೆಂಡಿನ ಖರ್ಚು ಪೂರಾ ಅವ್ವನದು.

ಗೋವಾದ ಲೆಕ್ಕವನ್ನು ಇನ್ನೊಂದು ಸಲ ಹಾಕಿದೆ. ಚೋರ್ಲಾ ಘಾಟಿನಲ್ಲಿ ಟೆಂಪೋ ಇಳಿಸಿಕೊಂಡು ಹೋದರು, ಒಂದು ಶಾಲೆಯ ಹಾಲಿನಲ್ಲಿ ನೆಲಕ್ಕೆ ಮಲಗಿದರು. ಮೂರು ಪಂದ್ಯ, ಒಂದೊಂದು ಪಂದ್ಯಕ್ಕೆ ಹದಿನೈದು ನಿಮಿಷದ ಎರಡು ಪಾಳಿ. ಒಟ್ಟು ತೊಂಬತ್ತು ನಿಮಿಷದಲ್ಲಿ ತಮ್ಮ ಮೈದಾನದೊಳಗೆ ಇದ್ದದ್ದು ಇಪ್ಪತ್ತೆರಡು ನಿಮಿಷ, ಉಳಿದ ಹೊತ್ತು ಬೆಂಚಿನ ಮೇಲೆ. ಮೂರೂವರೆ ಸಾವಿರವನ್ನು ಇಪ್ಪತ್ತೆರಡರಿಂದ ಭಾಗಿಸಿದರೆ ನಿಮಿಷಕ್ಕೆ 159 ರೂಪಾಯಿ. ಎರಡು ನಿಮಿಷ ಆಡಿದರೆ ಅವ್ವನ ಒಂದು ದಿನದ ಕೂಲಿ ಖಲಾಸ್. ಈ ಲೆಕ್ಕವನ್ನು ನಾನು ಆಕೆಗೆ ಹೇಳಿದೆ. "ಹಂಗ ಹಾಕಬ್ಯಾಡೋ ಯಪ್ಪಾ" ಅಂದಳು. "ನೀ ಕಾಲೇಜಿಗೆ ಹೋದಾಗ ನಾ ಒಂದ ಅಕ್ಷರಕ್ಕ ಎಷ್ಟ ಬಿತ್ತು ಅಂತ ಹಾಕಿದ್ನೇನು?"

ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಆದರೆ ಪ್ರಶ್ನೆ ಅವ್ವನ ಮೇಲೆ ಅಲ್ಲ. ಆಕೆಯ ಕೈಯಿಂದ ಈ ದುಡ್ಡು ಹೋಗಿ ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ.

ಒಂದು ಟೂರ್ನಿಮೆಂಟಿನ ಕರಪತ್ರ ನನ್ನ ಹತ್ತಿರ ಇದೆ. ಇಪ್ಪತ್ನಾಲ್ಕು ತಂಡ, ತಂಡಕ್ಕೆ 3,000 ಪ್ರವೇಶ ಶುಲ್ಕ. ಅಂದರೆ 72,000. ಮೊದಲ ಬಹುಮಾನ 15,000 ಮತ್ತು ಫಿರತಿ ಚಷಕ. ನಡೆಸುವವರು ಕಳ್ಳರು ಎಂದು ನಾನು ಹೇಳುವುದಿಲ್ಲ. ಮೈದಾನಕ್ಕೆ ಬಾಡಿಗೆ ಇದೆ, ರೆಫರಿಗೆ ಕೊಡಬೇಕು, ಮಂಟಪ, ಮೈಕು, ನೀರು, ಅತಿಥಿಗಳಿಗೆ ಶಾಲು. (ಅತಿಥಿಗಳಿಗೆ ಶಾಲು ಯಾಕೆ ಎಂದು ಮಾತ್ರ ತಿಳಿಯಲಿಲ್ಲ.) ನನ್ನ ತಕರಾರು ಬೇರೆ. ಇಪ್ಪತ್ನಾಲ್ಕರಲ್ಲಿ ಅರ್ಧಕ್ಕರ್ಧ ತಂಡ ಮೊದಲ ಸುತ್ತಿನಲ್ಲೇ ಮನೆಗೆ ಹೋಗುತ್ತವೆ. ಯಾವವು ಹೋಗುತ್ತವೆ? ವರ್ಷವಿಡೀ ಹುಲ್ಲಿನ ಮೈದಾನದಲ್ಲಿ ಆಡಿದವಲ್ಲ, ಗಂಟೆಗೆ 800 ಕೊಟ್ಟು ಟರ್ಫ್ ಹಿಡಿದವಲ್ಲ. ಗದ್ದೆಯ ಕೂಳೆಯಲ್ಲಿ ಆಡಿ ಬಂದವು. ಹೀಗೆ ಸೋತು ಹೋಗುವ ಬಡವರ ಫೀಯಿಂದ ಗೆದ್ದು ಹೋಗುವ ಉಳ್ಳವರ ಚಷಕ ತಯಾರಾಗುತ್ತದೆ. ಜೀತದ ಮನೆಯ ಲೆಕ್ಕವೂ ಹೀಗೇ ಇತ್ತಲ್ಲವೆ?

ತಮ್ಮನ ಕೋಚ್ ಒಳ್ಳೆಯ ಮನುಷ್ಯ. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ತಾನೂ ಕಾಲೇಜಿನ ತನಕ ಆಡಿ ಮೇಲೆ ಹೋಗಲಾರದೆ ನಿಂತವನು, ಹಳೇ ಬೈಕಿನಲ್ಲಿ ಚೆಂಡಿನ ಜಾಳಿಗೆ ಕಟ್ಟಿಕೊಂಡು ಓಡಾಡುತ್ತಾನೆ, ಇಬ್ಬರು ಹುಡುಗರಿಗೆ ಫೀ ಬಿಟ್ಟಿದ್ದಾನೆ. ಆದರೆ ಅವನ ಹೊಟ್ಟೆಯೂ ಹುಡುಗರ ಫೀ ಮೇಲೇ ನಡೆಯಬೇಕು. ಟೂರ್ನಿಮೆಂಟಿಗೆ ಹೋಗದ ತಂಡಕ್ಕೆ ಹುಡುಗರು ಬರುವುದಿಲ್ಲ. ಆದ್ದರಿಂದ ಗೋವಾ, ಆದ್ದರಿಂದ ಖಾನಾಪುರ, ಆದ್ದರಿಂದ ಕೊಲ್ಲಾಪುರ. ತಪ್ಪು ಒಬ್ಬನ ಜೇಬಿನಲ್ಲಿ ಸಿಗುವಂಥದ್ದಲ್ಲ.

ನಾನೂ ಒಂದು ಥರಾ ಟೂರ್ನಿಮೆಂಟ್ ಆಡುವವನೇ. ಕವಿಗೋಷ್ಠಿಗೆ ನೋಂದಣಿ ಶುಲ್ಕ ಕಟ್ಟಿ, ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ, ನಲವತ್ತೆರಡನೆಯ ಕವಿಯಾಗಿ ಮೂರು ನಿಮಿಷ ಓದಿ, ಒಂದು ಪ್ರಮಾಣಪತ್ರ ಹಿಡಿದು ಮನೆಗೆ ಬಂದವನು. ಬೆಂಚಿನ ಮೇಲೆ ಕೂತವನ ಹಸಿವು ನನಗೆ ಹೊಸತಲ್ಲ.

ಬೂಟಿನ ಮಾತು ಬಂತು. ನಾವು ಸಮಗಾರರು. ಅಜ್ಜ ಇವತ್ತಿಗೂ ಉಳಿ-ರಂಪಿಗೆ ಬಿಟ್ಟಿಲ್ಲ. ಮೂರನೇ ತಿಂಗಳಿಗೆ ತಮ್ಮನ ಬೂಟಿನ ತಳ ಬಾಯಿ ಬಿಟ್ಟಿತು. ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಣ ತಿಕ್ಕಿದ ದಾರ ಹಾಕಲು ಕೂತ. "ಇದು ಚರ್ಮ ಅಲ್ಲೋ ತಮ್ಮಾ, ಪ್ಲಾಸ್ಟಿಕ್ಕು. ಉಳಿ ಒಳಗ ಹೋಗತೈತಿ, ಹೊಲಿಗಿ ನಿಲ್ಲಂಗಿಲ್ಲ" ಅಂದ. ಊರಿನ ಕಾಲಿಗೆಲ್ಲ ಚಪ್ಪಲಿ ಹೊಲಿದ ಕೈಗೆ ಮೊಮ್ಮಗನ ಬೂಟು ಹೊಲಿಯಲು ಬರಲಿಲ್ಲ. ಹರಳಯ್ಯ ಮತ್ತು ಆತನ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಹೊಲಿದರೆಂಬ ಕತೆಯನ್ನು ನಮ್ಮಲ್ಲಿ ಕೂಸುಗಳಿಗೂ ಹೇಳುತ್ತಾರೆ. ಇವತ್ತು ನಮ್ಮ ಅವ್ವಂದಿರು ಸ್ಟಡ್ ಬೂಟಿಗಾಗಿ ಅದನ್ನೇ ಮಾಡುತ್ತಿದ್ದಾರೆ. ಬಸವಣ್ಣ ಆ ಜೋಡು ಮೆಟ್ಟಲಾರದೆ ತಲೆ ಮೇಲೆ ಇಟ್ಟುಕೊಂಡನಂತೆ. ಟೂರ್ನಿಮೆಂಟಿನವರು ಸ್ಟಡ್ ಎಷ್ಟು ಉದ್ದ ಇದೆ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾರೆ.

ಬೂಟು, ಶಿನ್ ಗಾರ್ಡ್ ಇಲ್ಲದವನನ್ನು ಒಳಗೆ ಬಿಡಬಾರದೆಂಬುದು ಆಟದ ನಿಯಮ. ಕಾಲು ಮುರಿಯಬಾರದೆಂಬ ಕಾಳಜಿ, ಅದನ್ನು ಒಪ್ಪಬೇಕು. ಆದರೆ ಒಂದು ವಿಷಯ ನೆನಪಿಗೆ ಬರುತ್ತದೆ. 1911ರಲ್ಲಿ ಮೋಹನ್ ಬಾಗಾನ್ ತಂಡ ಗೋರಾ ಪಲ್ಟಣದವರನ್ನು ಸೋಲಿಸಿ ಶೀಲ್ಡು ಗೆದ್ದಾಗ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಬಹುಮಂದಿ ಆಡಿದ್ದು ಬರಿಗಾಲಲ್ಲೇ. ಎರಡು ಪೆನಾಲ್ಟಿ ಕಳಕೊಂಡು 1-2ರಿಂದ ಸೋತರು. ಆ ಒಂದು ಗೋಲು ಹೊಡೆದವನು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡ ಇವತ್ತು ಬೆಳಗಾವಿಯ ಹದಿನಾಲ್ಕರೊಳಗಿನವರ ಟೂರ್ನಿಮೆಂಟಿಗೆ ಬಂದಿದ್ದರೆ ಗೆರೆಯ ಹೊರಗೇ ನಿಲ್ಲಬೇಕಾಗುತ್ತಿತ್ತು.

ಮತ್ತೆ ಚೆಂಡು. ಈ ದೇಶದ ಚೆಂಡುಗಳು ಬಹಳ ಮಟ್ಟಿಗೆ ಜಲಂಧರದಿಂದ, ಮೀರತ್ತಿನಿಂದ ಬರುತ್ತವೆ. 1947ರ ವಿಭಜನೆಯ ಹೊತ್ತಿಗೆ ಸಿಯಾಲಕೋಟಿನಿಂದ ಬಂದ ಕಸಬುದಾರರು ಜಲಂಧರದಲ್ಲಿ ಈ ಧಂದೆ ಊರಿದರು. ಮೂವತ್ತೆರಡು ತುಂಡು ಸೇರಿಸಿ ಒಂದು ಚೆಂಡು ಹೊಲಿದವರು ಬಹುಪಾಲು ಅಲ್ಲಿನ ಕೇರಿಗಳ ನಮ್ಮಂಥ ಜನ, ಮನೆಯಲ್ಲಿ ಕೂತು, ಒಂದು ಚೆಂಡಿಗೆ ಇಷ್ಟು ಎಂಬ ಕೂಲಿಗೆ. 1990ರ ದಶಕದಲ್ಲಿ ಸಣ್ಣ ಮಕ್ಕಳು ಹೊಲಿಯುತ್ತಾರೆಂಬ ಸುದ್ದಿ ಜಗತ್ತಿಗೆಲ್ಲ ಗೊತ್ತಾಗಿ ಗಲಾಟೆ ಆಯಿತು. ಹಿಂದೆ ಚೆಂಡು ಚರ್ಮದ್ದೇ ಇರುತ್ತಿತ್ತು. 1986ರ ವಿಶ್ವಕಪ್ಪಿನಲ್ಲಿ ಮೊದಲ ಸಲ ಪೂರಾ ಸಿಂಥೆಟಿಕ್ ಚೆಂಡು ಬಂತು. ಸತ್ತ ದನದ ಚರ್ಮ ಹದ ಮಾಡಿದವನನ್ನು ಮುಟ್ಟದವರು, ಅದೇ ಚರ್ಮ ಗಾಳಿ ತುಂಬಿಕೊಂಡು ಬಂದಾಗ ಎದೆಗೆ ಆನಿಸಿಕೊಂಡರು, ಹಣೆಯಿಂದ ಹೊಡೆದರು. ಯಾರೂ ಮೈಲಿಗೆ ಆಗಲಿಲ್ಲ.

ನಮ್ಮ ಸಂಘಟನೆಯ ಹಿರಿಯರೊಬ್ಬರಿಗೆ ಈ ವಿಷಯ ಎತ್ತಿದರೆ ಸಿಟ್ಟು ಬರುತ್ತದೆ. "ಬಾಬಾಸಾಹೇಬರು ಓದ್ರಿ ಅಂದ್ರು, ಒದೀರಿ ಅನ್ನಲಿಲ್ಲ" ಎನ್ನುತ್ತಾರೆ. ಮಾತು ಚಂದ ಇದೆ, ಅರ್ಧ ನಿಜವೂ ಇದೆ. ಹದಿನಾರು ಸಾವಿರಕ್ಕೆ ಎಷ್ಟು ಪುಸ್ತಕ ಬರುತ್ತವೆಂದು ನನಗೂ ಗೊತ್ತು. ಆದರೆ ಆಡುವುದು ಓದಿದವರ ಮಕ್ಕಳ ಹಕ್ಕು, ನಮ್ಮ ಮಕ್ಕಳ ಪಾಲಿಗೆ ಓದುವ ಕರ್ತವ್ಯ ಒಂದೇ ಎಂದು ಬರೆದಿಟ್ಟವರು ಯಾರು? ಉಳ್ಳವರ ಮನೆಯ ಹುಡುಗ ಸಂಜೆ ನಾಲ್ಕಕ್ಕೆ ಆಡಿ ಏಳಕ್ಕೆ ಟ್ಯೂಷನ್ನಿಗೆ ಹೋಗುತ್ತಾನೆ. ಅವನ ಮುಂದೆ 'ಇದೋ ಅದೋ' ಎಂಬ ಪ್ರಶ್ನೆಯನ್ನು ಯಾರೂ ಇಡುವುದಿಲ್ಲ. ಬಡವನ ಮುಂದೆ ಮಾತ್ರ ಯಾವಾಗಲೂ ತಕ್ಕಡಿ.

ಹಿರಿಯರಿಗೆ ನಾನು ಪಲ್ವಂಕರ್ ಬಾಲೂನ ಕತೆ ಹೇಳಿದೆ. ಇದು ನಮ್ಮವರಿಗೇ ಮರೆತು ಹೋದ ಕತೆ. ಹುಟ್ಟಿದ್ದು ನಮ್ಮ ಪಕ್ಕದ ಧಾರವಾಡದಲ್ಲಿ. ಜಾತಿಯಿಂದ ಚಮ್ಮಾರ, ನಮ್ಮ ಕಡೆ ಹೇಳುವುದಾದರೆ ಸಮಗಾರ. ಪುಣೆಯ ಕ್ಲಬ್ಬಿನಲ್ಲಿ ಪಿಚ್ಚಿಗೆ ರೂಲು ಹೊಡೆಯುವ, ಕಸ ಗುಡಿಸುವ ಕೆಲಸಕ್ಕಿದ್ದವನು ಸಾಹೇಬರಿಗೆ ನೆಟ್ಟಿನಲ್ಲಿ ಚೆಂಡು ಹಾಕುತ್ತ ಹಾಕುತ್ತ ಆ ಕಾಲದ ದೊಡ್ಡ ಸ್ಪಿನ್ನರ್ ಆದ. ಹಿಂದೂಗಳ ತಂಡಕ್ಕೆ ಅವನ ಎಡಗೈ ಬೇಕಾಯಿತು. ಮೈದಾನದೊಳಗೆ ಅವನು ಹಾಕಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಅವನನ್ನು ಹೊರಗೆ ಕೂಡಿಸಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟರು. 1911ರಲ್ಲಿ, ಮೋಹನ್ ಬಾಗಾನ್ ಗೆದ್ದ ವರ್ಷವೇ, ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಮೇಲೆ ವಿಕೆಟ್ ಕಿತ್ತವನು ಈತ. ಅವನನ್ನು ಹಿಂದೂ ತಂಡದ ನಾಯಕನನ್ನಾಗಿ ಮಾಡಲೇ ಇಲ್ಲ. ಅವನ ತಮ್ಮ ವಿಠ್ಠಲನಿಗೆ ಆ ಗೌರವ ದಕ್ಕಿದ್ದು 1923ರಲ್ಲಿ. ಆಟದಲ್ಲಿ ಗೆದ್ದ ಬಾಲೂ 1932ರಲ್ಲಿ ಪೂನಾ ಒಪ್ಪಂದಕ್ಕೆ ಸಹಿ ಹಾಕಿದ. 1937ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸು ಅವನನ್ನು ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಸೋತ.

ಹಿರಿಯರು "ನೋಡು, ನಾ ಹೇಳೂದೂ ಅದನ್ನ" ಅಂದರು. ಆಟ ಮೇಲೆ ಎತ್ತುತ್ತದೆ, ಎತ್ತಿದವರು ತಮಗೆ ಬೇಕಾದ ಕಡೆ ನಮ್ಮನ್ನು ಇಳಿಸುತ್ತಾರೆ ಎಂಬುದು ಅವರ ವಾದ. ನನ್ನ ವಾದ ಬೇರೆ. ಆ ಎಡಗೈ ಇಲ್ಲದಿದ್ದರೆ ಚಹಾದ ಕುಡಿಕೆಯ ಪ್ರಶ್ನೆ ಆ ಕ್ಲಬ್ಬಿನೊಳಗೆ ಏಳುತ್ತಲೇ ಇರಲಿಲ್ಲ. ಚರ್ಚೆ ಮುಗಿದಿಲ್ಲ.

ಕಾಂಪಿನ ಮೈದಾನ ಕೂಡ ನಮಗೆ ಪರದೇಶ ಅಲ್ಲ. ಮಹಾರರನ್ನು ಸೇನೆಗೆ ಸೇರಿಸಿಕೊಳ್ಳುವುದನ್ನು ಬ್ರಿಟಿಷರು ನಿಲ್ಲಿಸಿದ ಮೇಲೆ ಅದಕ್ಕಾಗಿ ಎಷ್ಟು ಅರ್ಜಿ, ಎಷ್ಟು ಹೋರಾಟ. ಕಡೆಗೆ 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟು ಕಟ್ಟಿದ್ದು ಇದೇ ಬೆಳಗಾವಿಯಲ್ಲಿ. ಕಾಂಪಿನ ಬಯಲಿನಲ್ಲಿ ಬೂಟುಗಾಲು ಊರಿ ನಡೆದ ನಮ್ಮವರಿದ್ದಾರೆ. ಆ ಬೂಟನ್ನು ಸರ್ಕಾರ ಕೊಟ್ಟಿತ್ತು, ಅವ್ವಂದಿರು ಕೊಡಿಸಿರಲಿಲ್ಲ.

ಸರ್ಕಾರವೇ ಮುಂದೆ ಬಂದು ಖರ್ಚು ಹೊತ್ತ ಕತೆಯೂ ನಮ್ಮ ಜಿಲ್ಲೆಯ ಅಂಚಿನಲ್ಲೇ ಇದೆ. ಖಾನಾಪುರದ ಕಾಡಿನಲ್ಲಿ, ಹಳಿಯಾಳ ಯಲ್ಲಾಪುರದ ಕಡೆ ಸಿದ್ದಿ ಜನ ಇದ್ದಾರೆ. ಗುಲಾಮರಾಗಿ ಹಡಗಿನಲ್ಲಿ ತಂದ ಆಫ್ರಿಕಾದ ಜನರ ಸಂತಾನ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಇವರ ನೆನಪಾಯಿತು. ನೆನಪಾದ ಕಾರಣ ಕೇಳಿ: ಆಫ್ರಿಕಾದ ರಕ್ತ ಇದೆ, ಓಡುತ್ತಾರೆ, ಒಲಿಂಪಿಕ್ಸಿನಲ್ಲಿ ಪದಕ ತರುತ್ತಾರೆ. ಮನುಷ್ಯರಾಗಿ ಕಾಣದವರು ಸ್ನಾಯುವಾಗಿ ಕಂಡರು. ಕಾಡಿನ ಹಳ್ಳಿಗಳಿಂದ ಮಕ್ಕಳನ್ನು ಆರಿಸಿ ಬೆಂಗಳೂರಿಗೆ ಒಯ್ದರು. ಊಟ, ಬೂಟು, ಶಾಲೆ, ತರಬೇತಿ ಎಲ್ಲ ಸರ್ಕಾರದ್ದು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ತಂದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. 1993ರ ಹೊತ್ತಿಗೆ ಯೋಜನೆ ನಿಂತು ಹೋಯಿತು. ಅರ್ಧ ದಾರಿಯಲ್ಲಿ ಇದ್ದವರು ಕಾಡಿಗೆ, ಕೂಲಿಗೆ ತಿರುಗಿ ಬಂದರು. ಓಡುವುದನ್ನು ಕಲಿಸಿದವರು ಎಲ್ಲಿಗೆ ಓಡಬೇಕೆಂದು ಹೇಳಲಿಲ್ಲ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯವರಿಗೆ ಅದು ಸಿಕ್ಕಿದ್ದು 2020ರಲ್ಲಿ. ಪದಕಕ್ಕೆ ಹೊರಟ ಮೂವತ್ಮೂರು ವರ್ಷದ ಮೇಲೆ ಖಾನಾಪುರದ ಸಿದ್ದಿಯ ಕೈಗೆ ಒಂದು ಜಾತಿ ಪ್ರಮಾಣಪತ್ರ ಬಂತು.

ಈಗ ಖೇಲೋ ಇಂಡಿಯಾ ಇದೆ. ಆಯ್ಕೆಯಾದ ಹುಡುಗನಿಗೆ ವರ್ಷಕ್ಕೆ ಐದು ಲಕ್ಷದಂತೆ ಎಂಟು ವರ್ಷ ನೆರವು ಎಂದು ಹೇಳಿದ್ದಾರೆ. ಒಳ್ಳೆಯದೇ. ಆದರೆ ಆ ಐದು ಲಕ್ಷದ ಬಾಗಿಲಿನ ತನಕ ಹೋಗುವ ದಾರಿಯಲ್ಲಿ ಮೆಟ್ಟಿಲು ಮೆಟ್ಟಿಲಿಗೂ ಮೂರು ಸಾವಿರ, ಮೂರೂವರೆ ಸಾವಿರದ ಟೋಲ್ ನಾಕಾ. ದಾಟಿದವನಿಗೆ ಬಹುಮಾನ. ದಾಟಲು ಹಣ ಇಲ್ಲದವನು ಪ್ರತಿಭೆ ಇಲ್ಲದವನೆಂದು ಲೆಕ್ಕಕ್ಕೆ ಬೀಳುತ್ತಾನೆ.

ಇಷ್ಟೆಲ್ಲ ಬರೆದ ಮೇಲೆ ನೀವು ಕೇಳಬಹುದು, ಹಾಗಾದರೆ ತಮ್ಮನನ್ನು ಬಿಡಿಸಿದೆಯಾ ಎಂದು. ಇಲ್ಲ. ಯಾಕೆಂದರೆ ಗೋವಾದಿಂದ ಬಂದ ರಾತ್ರಿ ಅವ್ವ ಅವನನ್ನು ಕೇಳಿದ ಪ್ರಶ್ನೆ ನನ್ನ ಕಿವಿಯಲ್ಲಿ ಇದೆ. ಎಷ್ಟು ಗೋಲು ಅಂತ ಕೇಳಲಿಲ್ಲ. ಎಲ್ಲಿ ಉಂಡಿರಿ, ಹೆಂಗ ಕೂತು ಉಂಡಿರಿ ಎಂದು ಕೇಳಿದಳು. ಅವನು ಹೇಳುತ್ತ ಹೋದ. ಒಂದೇ ಸಾಲು, ಯಾರ ಪಕ್ಕ ಯಾರಾದರೂ. ನೀರಿನ ಬಾಟಲಿ ಎರಡೇ ಇದ್ದವು, ಹದಿನಾಲ್ಕು ಜನಕ್ಕೆ.

"ಎತ್ತಿ ಕುಡದ್ರೇನು?"

"ಇಲ್ಲಬೇ, ಓಡಿ ಬಂದು ಎತ್ತಿ ಕುಡ್ಯಾಕ ಆಕ್ಕೈತೇನು? ಬಾಯಿ ಹಚ್ಚೇ ಕುಡೀತೀವಿ."

"ನಿನ್ನ ಬಾಯಿದು ಅವ್ರೂ ಕುಡದ್ರು?"

"ಹೂಂಬೇ."

ಅವನಿಗೆ ಈ ಪ್ರಶ್ನೆ ಯಾಕೆಂದೇ ತಿಳಿಯಲಿಲ್ಲ. ಅವ್ವ ಒಳಗೆ ಹೋಗಿ ಒಲೆ ಊದುತ್ತ ಕೂತಳು. ಒಲೆ ಮೊದಲೇ ಹತ್ತಿತ್ತು. ನಿಮಿಷಕ್ಕೆ 159ರ ನನ್ನ ಲೆಕ್ಕದಲ್ಲಿ ಈ ಬಾಟಲಿಯ ನೀರನ್ನು ಯಾವ ಕಾಲಂನಲ್ಲಿ ಬರೆಯಬೇಕೋ ನನಗೆ ಗೊತ್ತಾಗಲಿಲ್ಲ. ಊರ ಬಾವಿಯ ಕಟ್ಟೆ ಹತ್ತದೆ ಬೆಳೆದ ಹೆಂಗಸು ಆಕೆ.

ಆದರೆ ಈ ಕಣ್ಣೀರಿನ ಹತ್ತಿರ ಲೇಖನ ನಿಲ್ಲಿಸಿದರೆ ಇನ್ನೊಬ್ಬಳಿಗೆ ಮೋಸ ಆಗುತ್ತದೆ. ನೋಟುಬುಕ್ಕಿನಲ್ಲಿ ಖರ್ಚು ಬರೆದವಳಿಗೆ. ತಂಗಿ ಈಗ ಪಿಯುಸಿ ಎರಡನೇ ವರ್ಷ. ಎಂಟನೇ ಇಯತ್ತೆಯಲ್ಲಿ ಇದ್ದಾಗ ಖೋಖೋದಲ್ಲಿ ತಾಲೂಕಿನ ತನಕ ಹೋದವಳು. ಇಲಾಖೆಯ ಶಾಲಾ ಕ್ರೀಡಾಕೂಟ ಅದು, ಎಂಟ್ರಿ ಫೀ ಇಲ್ಲ, ಮಧ್ಯಾಹ್ನ ಊಟ ಕೊಟ್ಟರು. ಜಿಲ್ಲೆಗೆ ಆಯ್ಕೆ ಆಯಿತು. ಕಳಿಸಲಿಲ್ಲ. ದೊಡ್ಡಾಕಿ ಆಗ್ಯಾಳ, ಜೊತಿಗೆ ಹೋಗಾಕ ಯಾರೂ ಇಲ್ಲ ಎಂದು. ಆಕೆಯ ಆಟಕ್ಕೆ ಒಂದು ಪೈ ಖರ್ಚಿರ್ಲಿಲ್ಲ, ಆದರೂ ಮನೆಗೆ ದುಬಾರಿ ಅನ್ನಿಸಿತು. ಮೊನ್ನೆ ಆಕೆ ಟೈಪಿಂಗು-ಕಂಪ್ಯೂಟರು ಕಲಿಯಲು ಕೇಳಿದಾಗ "ಮುಂದಿನ ವರ್ಷ ನೋಡೂಣು" ಎಂಬ ಉತ್ತರ ಬಂತು. ಯಾಕೆ ಎಂದು ಕೇಳಬೇಕಾಗಿಲ್ಲ, ನೋಟುಬುಕ್ಕು ಆಕೆಯ ಕೈಯಲ್ಲೇ ಇದೆ. ಟೂರ್ನಿಮೆಂಟು ಕುಟುಂಬಕ್ಕೆ ತಕ್ಕದ್ದೋ ಅಲ್ಲವೋ ಎಂದು ಕೇಳುವಾಗ 'ಕುಟುಂಬ' ಎಂದರೆ ಯಾರು ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು. ಆಡುವವನಿಗೆ ಬೂಟು. ಬರೆಯುವವಳಿಗೆ ಪೆನ್ನು. ದುಡಿಯುವವಳಿಗೆ ಕುಡುಗೋಲು.

ಅವ್ವನ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಕತೆಯನ್ನೂ ಹೇಳಿಬಿಡುತ್ತೇನೆ. ಗೋವಾದ 3,500ನ್ನು ಸಂಘದಿಂದ ಎತ್ತಿದಳು, ವಾರದ ಕಂತು. ಕಂತು ತಪ್ಪಿದರೆ ಮನೆ ಮುಂದೆ ಕೂಡುವ ಫೈನಾನ್ಸಿನವರ ಕಾಟ ಎಷ್ಟಕ್ಕೆ ಹೋಗಿತ್ತೆಂದರೆ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬೂಟು-ಜರ್ಸಿಯ 2,000 ಬಂದದ್ದು ಗೃಹಲಕ್ಷ್ಮಿಯ ಒಂದು ಕಂತಿನಿಂದ. 2023ರ ಆಗಸ್ಟಿನಿಂದ ಆ ಎರಡು ಸಾವಿರ ಆಕೆಯ ಕೈಗೆ ಬರತೊಡಗಿತು. ಹುಟ್ಟಿದ ಮೇಲೆ ಮೊದಲ ಸಲ ತನ್ನದೇ ಎಂದು ಹೇಳಬಹುದಾದ ದುಡ್ಡು. ಅದು ಆಕೆಯ ಹಕ್ಕು, ಅದರ ಬಗ್ಗೆ ಹಗುರ ಮಾತಾಡುವವರ ಜೊತೆ ನಾನು ಇಲ್ಲ. ಆದರೆ ಒಂದು ಲೆಕ್ಕ ಇದೆ. 2013ರ ಕಾಯ್ದೆ ಪ್ರಕಾರ ರಾಜ್ಯದ ಅಭಿವೃದ್ಧಿ ಬಜೆಟ್ಟಿನ ನೂರಕ್ಕೆ 24.1ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳಿಗಾಗಿ ತೆಗೆದಿಡಬೇಕು. ಹಾಗೆ ತೆಗೆದಿಟ್ಟದ್ದರಲ್ಲಿ 2023-24ರಲ್ಲಿ 11 ಸಾವಿರ ಕೋಟಿಗೂ ಮೇಲೆ ಗ್ಯಾರಂಟಿ ಯೋಜನೆಗಳ ಕಡೆ ಹೋಯಿತು. ದಲಿತ ಹೆಂಗಸರಿಗೂ ಅದು ತಲುಪುತ್ತದಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ತಲುಪಿತು, ಹೌದು. ಉಳಿದ ಎಲ್ಲ ಹೆಂಗಸರಿಗೂ ಅವರವರ ಲೆಕ್ಕದಲ್ಲಿ ತಲುಪಿತು, ನಮ್ಮವರಿಗೆ ನಮ್ಮದೇ ಗಂಟಿನಿಂದ ತಲುಪಿತು. ಕೇರಿಗೆ ಒಂದು ಮೈದಾನ, ಶಾಲೆಗೆ ಹತ್ತು ಚೆಂಡು, ಹುಡುಗಿಯರ ಜೊತೆ ಹೋಗಲು ಒಬ್ಬ ಶಿಕ್ಷಕಿ ಆಗಬಹುದಾಗಿದ್ದ ದುಡ್ಡು ಬಿಡಿಬಿಡಿಯಾಗಿ ಎರಡು ಸಾವಿರವಾಗಿ ಅವ್ವನ ಖಾತೆಗೆ ಬಂತು. ಅವ್ವ ಅದನ್ನು ಬೂಟು ಮಾಡಿ ತಮ್ಮನ ಕಾಲಿಗೆ ಹಾಕಿದಳು. ಆ ಬೂಟು ಹಾಕಿಕೊಂಡು ಅವನು ಬೇರೆಯವರ ಮೈದಾನಕ್ಕೆ ಫೀ ಕಟ್ಟಿ ಹೋಗುತ್ತಾನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಾನು ಕೊಡಬೇಕು ಎಂದು ಬರೆದಿದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರರ ಮೇಲೆ ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರು ಇರಬೇಕು ಎಂದೂ ಇದೆ. ಈ ಪತ್ರಿಕೆ ಓದುವ ಹಳ್ಳಿ ಶಾಲೆಯ ಮಾಸ್ತರರು ತಮ್ಮ ಶಾಲೆಯ ಮುಂದೆ ನಿಂತು ಒಮ್ಮೆ ಸುತ್ತ ನೋಡಬೇಕು. ಗಾಯರಾಣ ಜಮೀನು ಹಳ್ಳಿಹಳ್ಳಿಯಲ್ಲಿ ಲೇಔಟುಗಳ ಹೊಟ್ಟೆಗೆ ಹೋಗಿದೆ. ಉಳಿದದ್ದು ಭತ್ತ ಕೊಯ್ದ ಗದ್ದೆ. ಸುಗ್ಗಿ ಮುಗಿದ ಮೇಲೆ ಮಳೆ ಬೀಳುವ ತನಕ, ಅದೂ ಒಡೆಯ ಸುಮ್ಮನಿದ್ದರೆ.

ನನ್ನ ತೀರ್ಮಾನ ಕೇಳಿದರೆ ಹೇಳುತ್ತೇನೆ. ಗೋವಾ, ಕೊಲ್ಲಾಪುರದ ಟೂರ್ನಿಮೆಂಟುಗಳು ನಮ್ಮಂಥ ಮನೆಗೆ ತಕ್ಕವಲ್ಲ. ವಾರದ ಕಂತಿನ ಸಾಲ ಎತ್ತಿ ಹೋಗುವಂಥದ್ದು ಅಲ್ಲಿ ಏನೂ ಇಲ್ಲ. ಮನೆಯಲ್ಲಿ ಹಾಗೇ ಹೇಳಿದೆ, ತಮ್ಮ ಎರಡು ದಿನ ಮಾತು ಬಿಟ್ಟ. ತರಬೇತಿ ಬಿಡಿಸುವುದಿಲ್ಲ. ಊರ ಸುತ್ತಲಿನ ಪಂದ್ಯ ಆಡಲಿ. ಆ ಮೂರೂವರೆ ಸಾವಿರ ಈ ವರ್ಷ ತಂಗಿಯ ಕಂಪ್ಯೂಟರಿಗೆ. ಇದು ಅವ್ವ ಒಪ್ಪಿದ ಮಾತು. ತಾನು ಒಪ್ಪಿದ್ದು ಯಾಕೆಂದು ಆಕೆ ಹೇಳಲಿಲ್ಲ, ನೋಟುಬುಕ್ಕನ್ನು ತಂಗಿಯ ಕೈಯಿಂದ ತೆಗೆದು ಟ್ರಂಕಿನಲ್ಲಿ ಇಟ್ಟಳು.

ಮತ್ತೆ ನಾವು ಕೆಲವರು ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ದೇವೆ. ಏಪ್ರಿಲ್ 14ರ ಜಯಂತಿಗೆ ಕೇರಿಯಲ್ಲಿ ಡಾಲ್ಬಿ ಹಚ್ಚುವ ದುಡ್ಡಿನಲ್ಲಿ ಒಂದು ಪಾಲು ತೆಗೆದು, ಮನೆಗೆ ಹತ್ತು ರೂಪಾಯಿ ಕೂಡಿಸಿ ಎರಡು ಚೆಂಡು ತಂದಿದ್ದೇವೆ. ಎಂಟು ತಂಡದ ಪಂದ್ಯ, ಎಂಟ್ರಿ ಫೀ ಇಲ್ಲ. ಎಲ್ಲರೂ ಬರಿಗಾಲು, ಬೂಟು ಇದ್ದವರು ಬಿಚ್ಚಿಟ್ಟು ಬರಬೇಕು. ಡಾಲ್ಬಿಯ ದುಡ್ಡು ಮುಟ್ಟಿದ್ದಕ್ಕೆ ಕೇರಿಯ ಕೆಲವು ಹುಡುಗರು ನಮ್ಮ ಮೇಲೆ ಇನ್ನೂ ಸಿಟ್ಟಾಗಿದ್ದಾರೆ. ತಮ್ಮನ ಕೋಚ್ ಸೀಟಿ ಹಿಡಿದು ಬರುತ್ತೇನೆ ಎಂದಿದ್ದಾನೆ, ಗೌರವಧನ ಬೇಡ ಅಂದ, ಬೈಕಿಗೆ ಎಣ್ಣೆ ನಾವು ಹಾಕಿಸುತ್ತೇವೆ. ಅಜ್ಜ ಗೋಲಿಗೆ ಜಾಳಿಗೆ ಹೆಣೆಯುತ್ತಿದ್ದಾನೆ. ಅವನ ದಾರ ಈ ಸಲ ನಿಂತಿದೆ. ಗದ್ದೆಯ ಒಡೆಯರು ಮಳೆ ಬೀಳುವ ತನಕ ಎಂದು ಒಪ್ಪಿದ್ದಾರೆ, ಬಾಯಿ ಮಾತಿನಲ್ಲಿ. ಕೂಳೆ ಕಿತ್ತು ನೆಲ ಹಸನು ಮಾಡುವ ಕೆಲಸ ಭಾನುವಾರದಿಂದ.

ಎಂಟರಲ್ಲಿ ಎರಡು ತಂಡ ಹುಡುಗಿಯರದು ಎಂದು ತಂಗಿ ಹಟ ಹಿಡಿದು ಬರೆಸಿದ್ದಾಳೆ. ಒಂದು ತಂಡ ಆಗಿದೆ. ಇನ್ನೊಂದಕ್ಕೆ ನಾಲ್ಕು ಜನ ಕಡಿಮೆ ಇದ್ದಾರೆ. ಹೊನಗಾ, ಕಡೋಲಿ ಕಡೆಯ ಶಾಲೆಗಳಲ್ಲಿ ಇರುವ ಓದುಗ ಮಾಸ್ತರರು, ಬಾಯಾರರು ಹೆಸರು ಕಳಿಸಿದರೆ ಅವರನ್ನು ಕರೆದುಕೊಂಡು ಬರಲು, ತಿರುಗಿ ಮನೆ ಮುಟ್ಟಿಸಲು ತಂಗಿ ಮತ್ತು ಆಕೆಯ ಗೆಳತಿಯರಿಬ್ಬರು ತಯಾರಿದ್ದಾರೆ. ಬಸ್ಸಿಗೆ ಹೇಗೂ ಹುಡುಗಿಯರಿಗೆ ದುಡ್ಡಿಲ್ಲ.